ಹಳೆಯ ಕೋವಿಗೆ ಹೊಸ ಹೊಳಪು ಬೇಡ

ಕಳೆದ ಚಳಿಗಾಲದಲ್ಲಿ ಕೊಲರಾಡೊದ ಸಣ್ಣ ಊರೊಂದರ ಕೋವಿ ಸಂತೆಯಲ್ಲಿ ಒಬ್ಬ ವ್ಯಾಪಾರಿಯ ಜೊತೆ ನನಗೆ ಸಣ್ಣ ಜಗಳವಾಯಿತು. ಅವನ ಮೇಜಿನ ಮೇಲೆ ಒಂದು ವಿಂಚೆಸ್ಟರ್ 1873 ಇತ್ತು. ಎಂಟು ಮುಖದ ಉದ್ದ ನಳಿಗೆ, ಬೆರಳು ತೂರಿಸಿ ಕೆಳಕ್ಕೆ ಎಳೆಯುವ ಲಿವರ್, ವಾಲ್ನಟ್ ಮರದ ಹಿಡಿ. ಕಪ್ಪು-ನೀಲಿ ಬಣ್ಣ ಎಷ್ಟು ಹೊಳೆಯುತ್ತಿತ್ತೆಂದರೆ ಬಾಗಿದರೆ ನಮ್ಮ ಮುಖವೇ ಕಾಣುತ್ತಿತ್ತು. ‘ನೋಡಿ, ನಿನ್ನೆ ಕಾರ್ಖಾನೆಯಿಂದ ಹೊರಬಂದ ಹಾಗಿದೆ’ ಎಂದ ಅವನು ಹೆಮ್ಮೆಯಿಂದ. ನನ್ನ ತಕರಾರು ಇದ್ದದ್ದೇ ಅಲ್ಲಿ. ಅದು ನಿನ್ನೆ ಬಂದದ್ದಲ್ಲ. ಅದಕ್ಕೆ ನೂರಮೂವತ್ತು ವರ್ಷ ದಾಟಿತ್ತು. ಆ ನೂರಮೂವತ್ತು ವರ್ಷಗಳನ್ನು ಯಾರೋ ತಿರುಗುವ ಉಜ್ಜುಚಕ್ರಕ್ಕೆ ಹಿಡಿದು ಒಂದು ಮಧ್ಯಾಹ್ನದಲ್ಲಿ ಸವೆಸಿಬಿಟ್ಟಿದ್ದರು.

ನಳಿಗೆಯ ಎಂಟು ಅಂಚುಗಳೂ ಸೋಪಿನ ಬಿಲ್ಲೆಯ ಹಾಗೆ ದುಂಡಗಾಗಿದ್ದವು. ಕಂಪನಿಯ ಹೆಸರು ಕೆತ್ತಿದ ಅಕ್ಷರಗಳು ಅರ್ಧ ಮಾಯವಾಗಿದ್ದವು. ಸ್ಕ್ರೂ ಕೂರುವ ತೂತುಗಳ ಸುತ್ತ ಲೋಹ ತಗ್ಗಾಗಿತ್ತು. ಮರವನ್ನು ಎಷ್ಟು ಉಜ್ಜಿದ್ದರೆಂದರೆ, ಕಬ್ಬಿಣಕ್ಕೆ ಸಮನಾಗಿ ಇರಬೇಕಾದ ಜಾಗದಲ್ಲಿ ಅದು ಕೆಳಗೆ ಇಳಿದಿತ್ತು. ಇದಕ್ಕೆ ಅವನು ‘ರೆಸ್ಟೋರೇಶನ್’ ಎಂದು ಕರೆದ. ನಾನು ‘ಅಳಿಸಿದ್ದು’ ಎಂದೆ. ಅವನಿಗೆ ಸಿಟ್ಟು ಬಂತು. ಬರಬೇಕಾದದ್ದೇ.

ಹಳೆಯ ಕೋವಿಯನ್ನು ಕೊಳ್ಳಿ, ಬಿಚ್ಚಿ, ತೊಳೆಯಿರಿ, ಕರಿಮದ್ದು ತುಂಬಿ ಅದರಿಂದ ಈಡು ಹೊಡೆಯಿರಿ. ಆದರೆ ಅದನ್ನು ಹೊಸದು ಮಾಡಬೇಡಿ. ಈ ಬರಹ ಹೇಳುವುದು ಇಷ್ಟೇ. ಅದು ಕೆಲಸ ಮಾಡಲು ಏನು ಬೇಕೋ ಅಷ್ಟು ಮಾಡಿ. ನಮ್ಮ ಕಣ್ಣಿಗೆ ಚೆಂದ ಕಾಣಲಿ ಎಂದು ಏನೊಂದನ್ನೂ ಮಾಡಬೇಡಿ.

ಕನ್ನಡದ ಓದುಗರಿಗೆ ಅಮೆರಿಕದ ಲಿವರ್ ಕೋವಿಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಗೊತ್ತಿಲ್ಲದೆಯೇ ನಿಮಗೆ ಅದರ ಪರಿಚಯವಿದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಓದಿದವರಿಗೆ ಆ ಬೆಂಗಳೂರಿನ ಬೇಟೆಗಾರನ .405 ವಿಂಚೆಸ್ಟರ್ ನೆನಪಿರಬೇಕು. ಅದು 1895ರ ಮಾದರಿಯ ಲಿವರ್ ಕೋವಿ. ನನ್ನ ಮೇಜಿನ ಮೇಲಿರುವ 1873ರ ವಂಶದ್ದೇ ಕೊನೆಯ ಕುಡಿ ಎನ್ನಬಹುದು, ಹೊಗೆಯಿಲ್ಲದ ಮದ್ದಿನ ಕಾಲದ್ದು. ಕರಿಮದ್ದಂತೂ ಮಲೆನಾಡಿನವರಿಗೆ ಹೊಸದಲ್ಲ. ನಮ್ಮ ಅಜ್ಜನ ಬಳಿ ಬೆಳೆ ಕಾಯುವ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸಲಾಕೆಯಿಂದ ಜಡಿದು, ಚರೆ ಹಾಕಿ, ಹಿಂದೆ ಕೇಪು ಸಿಕ್ಕಿಸುವ ಕೋವಿ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಕಾಡುಹಂದಿ ಬಂದ ರಾತ್ರಿ ಒಂದು ಈಡು ಹೊಡೆದರೆ, ಮರುದಿನ ಬೆಳಿಗ್ಗೆ ಬಚ್ಚಲ ಹಂಡೆಯ ಕುದಿನೀರನ್ನು ನಳಿಗೆಗೆ ಹುಯ್ದು ತೊಳೆಯುತ್ತಿದ್ದರು. ನೀರು ಇದ್ದಿಲಿನ ಹಾಗೆ ಕಪ್ಪಾಗಿ ಇಳಿಯುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ. ಮೂವತ್ತು ವರ್ಷಗಳ ನಂತರ ಡೆನ್ವರಿನ ಹೊರವಲಯದ ಶೂಟಿಂಗ್ ಮೈದಾನದಲ್ಲಿ ಒಬ್ಬ ಮುದುಕ ತನ್ನ ಕೋವಿಗೆ ಕೆಟಲಿನಿಂದ ಬಿಸಿನೀರು ಹುಯ್ಯುವುದನ್ನು ಕಂಡಾಗ ಅದೇ ವಾಸನೆ ಬಂತು. ನಾನು ಈ ಹುಚ್ಚಿಗೆ ಬಿದ್ದದ್ದು ಆ ದಿನ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ನಾನು ಕೊಂಡ ಮೊದಲ ಕೋವಿ 1892ರ ಮಾದರಿಯ ವಿಂಚೆಸ್ಟರ್. ಮರ ಕಪ್ಪಾಗಿತ್ತು, ಜಿಡ್ಡು ಹಿಡಿದಿತ್ತು, ಅಲ್ಲಲ್ಲಿ ಗೀರುಗಳಿದ್ದವು. ಅಂತರ್ಜಾಲದ ಒಂದೆರಡು ವಿಡಿಯೊ ನೋಡಿ, ಅಂಗಡಿಯಿಂದ ಮರಳು ಕಾಗದ ತಂದು, ಎರಡು ಸಂಜೆ ಕೂತು ಉಜ್ಜಿದೆ. ಕೆಂಪುಗಂದು ಮರ ಹೊರಬಂತು. ಎಣ್ಣೆ ಹಚ್ಚಿದೆ. ಖುಷಿಯಾಯಿತು. ಫೋಟೊ ತೆಗೆದು ಮಾರಿದವರ ಮನೆಗೆ ಕಳಿಸಿದೆ. ಆ ಮನೆಯ ಹೆಂಗಸು ಉತ್ತರ ಬರೆದಳು: ‘ಚೆನ್ನಾಗಿದೆ. ಎಡಗಡೆ ನನ್ನ ತಾತ ಚಿಕ್ಕವನಿದ್ದಾಗ ಚಾಕುವಿನಿಂದ ಕೊರೆದ ತನ್ನ ಹೆಸರಿನ ಮೂರು ಅಕ್ಷರಗಳಿದ್ದವು. ಅವು ಕಾಣುತ್ತಿಲ್ಲವಲ್ಲ?’ ನಾನು ಅವನ್ನು ಗೀರು ಎಂದುಕೊಂಡಿದ್ದೆ. ಕಸದ ಬುಟ್ಟಿಯಲ್ಲಿದ್ದ ಮರದ ಪುಡಿಯನ್ನು ಸುಮ್ಮನೆ ನೋಡುತ್ತಾ ನಿಂತೆ. ಆ ಹುಡುಗನ ಹೆಸರು ಅದರಲ್ಲೇ ಎಲ್ಲೋ ಇತ್ತು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಾಗಾಗಿ ಮುಂದೆ ಯಾರನ್ನಾದರೂ ಬಿರುಸಾಗಿ ಟೀಕಿಸಿದರೆ, ಆ ಸಾಲಿನ ಮೊದಲ ಹೆಸರು ನನ್ನದೇ ಎಂದು ತಿಳಿಯಿರಿ.

ಎರಡನೆಯದನ್ನು ಕೊಳ್ಳುವಾಗ ಎರಡು ವರ್ಷ ಹುಡುಕಿದೆ. ಕೊನೆಗೆ ಒಂದು ಹಳೆಯ ಹೊಲಮನೆಯ ಹರಾಜಿನಲ್ಲಿ, ತುಕ್ಕು ಹಿಡಿದು ಲಿವರ್ ಅಲುಗಾಡದ ಒಂದು 1873 ಸಿಕ್ಕಿತು. ಸೀರಿಯಲ್ ಸಂಖ್ಯೆಯ ಪ್ರಕಾರ 1880ರ ದಶಕದ ಕೊನೆಯದು. ಇಲ್ಲಿನ ಕಾನೂನಿನ ಒಂದು ತಮಾಷೆಯನ್ನೂ ಹೇಳಬೇಕು. 1968ರ ಕೇಂದ್ರ ಕಾಯ್ದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದ ಕೋವಿ ‘ಪುರಾತನ ವಸ್ತು’. 1899ರ ಜನವರಿಯಲ್ಲಿ ತಯಾರಾದದ್ದು ಬಂದೂಕು. ಒಂದೇ ಮಾದರಿ, ಒಂದೇ ತೋಟಾ, ಒಂದೇ ಕೆಲಸ. ಆದರೂ ಹಳೆಯದಕ್ಕೆ ಕೇಂದ್ರ ಕಾನೂನಿನ ಕಾಗದಪತ್ರಗಳು ಬೇಕಿಲ್ಲ, ರಾಜ್ಯದ ನಿಯಮಗಳು ಬೇರೆ ಇರಬಹುದು. ಅದಕ್ಕೇ ಆ ಗೆರೆಯ ಆಚೆಗಿನ ಕೋವಿಗಳಿಗೆ ಬೆಲೆ ಜಾಸ್ತಿ. ಕಾನೂನು ‘ಇದು ಬಂದೂಕಲ್ಲ’ ಎಂದರೂ ಅದು ಬಂದೂಕೇ. ಎತ್ತಿಕೊಂಡ ಪ್ರತಿ ಸಲವೂ ಒಳಗೆ ತೋಟಾ ಇದೆಯೇ ಎಂದು ನೋಡಬೇಕಾದ ವಸ್ತು.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದರೆ, ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎಂಬುದೂ ತಿಳಿಯುತ್ತದೆ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನ ಆಲಿವರ್ ವಿಂಚೆಸ್ಟರ್ ಮೊದಲಿಗೆ ಅಂಗಿ ತಯಾರಿಸುತ್ತಿದ್ದ ವ್ಯಾಪಾರಿ. ಅವನ ಬಳಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ರೂಪಿಸಿದ ಕೋವಿ, ಅದರ ಸುಧಾರಿತ 1866ರ ಮಾದರಿ, ಆಮೇಲೆ 1873. ಹಿಂದಿನವಕ್ಕೆ ಹಿತ್ತಾಳೆ ಬಣ್ಣದ ಚೌಕಟ್ಟು, ಇದಕ್ಕೆ ಕಬ್ಬಿಣದ್ದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ಹದಿನೈದು ತೋಟಾ ಹಿಡಿಯುತ್ತವೆ. ಲಿವರ್ ಕೆಳಗೆಳೆದರೆ ಹಳೆಯ ತೋಟಾದ ಕವಚ ಹೊರಗೆ ಹಾರುತ್ತದೆ, ಹಿತ್ತಾಳೆಯ ಗಟ್ಟಿಯೊಂದು ಲಿಫ್ಟಿನ ಹಾಗೆ ಹೊಸ ತೋಟಾವನ್ನು ಮೇಲೆತ್ತುತ್ತದೆ. ಲಿವರ್ ಮೇಲೆ ತಂದರೆ ತೋಟಾ ಒಳಗೆ ಹೋಗಿ ಬಾಗಿಲು ಮುಚ್ಚುತ್ತದೆ. ಬಾಗಿಲನ್ನು ಹಿಡಿದಿಡುವುದು ಮೊಣಕಾಲಿನ ಹಾಗೆ ಮಡಚುವ ಎರಡು ಕೊಂಡಿಗಳು. ಕಾಲು ನೇರವಾಗಿದ್ದಾಗ ಭಾರ ಹೊರುತ್ತದೆ, ಬಾಗಿದರೆ ಕುಸಿಯುತ್ತದೆ. ಇದೂ ಹಾಗೆಯೇ. ಜಾಣ ಉಪಾಯ, ಆದರೆ ಬಲವಾದದ್ದಲ್ಲ. ಆ ದೌರ್ಬಲ್ಯದಿಂದಾಗಿಯೇ ದೊಡ್ಡ ತೋಟಾಗಳಿಗಾಗಿ ಜಾನ್ ಬ್ರೌನಿಂಗ್ ಬೇರೆ ಬಗೆಯ ಬೀಗ ಕಂಡುಹಿಡಿಯಬೇಕಾಯಿತು, ಅದು 1886ರ ಮಾದರಿಯಾಗಿ ಬಂತು.

ನನ್ನ ಕೋವಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಬಿಚ್ಚುವ ಮುನ್ನ ಎಲ್ಲ ಕಡೆಯಿಂದ ಫೋಟೊ. ಆಮೇಲೆ ಸ್ಕ್ರೂಗಳ ಸುತ್ತ ತೆಳು ಎಣ್ಣೆ ಬಿಟ್ಟು ಹತ್ತು ದಿನ ಕಾದೆ. ಹಳೆಯ ಸ್ಕ್ರೂಗಳ ಗಾಳಿ ಸಪೂರ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಹರಿಯುತ್ತದೆ. ಗಾಳಿಗೆ ಸರಿಯಾಗಿ ಕೂರುವಂತೆ ಉಕ್ಕನ್ನು ತೇಯ್ದುಕೊಂಡೆ. ಎರಡು ಪಕ್ಕದ ತಟ್ಟೆಗಳನ್ನು ಹಿಡಿದಿರುವ ಒಂದು ಸ್ಕ್ರೂ ಬಿಡಿಸಲು ಮೂರು ಭಾನುವಾರ ಹಿಡಿಯಿತು. ಒಳಗಿದ್ದದ್ದು ಒಣಗಿದ ಜಿಡ್ಡು, ಮಣ್ಣು, ಒಂದು ಹುಲ್ಲಿನ ಬೀಜ. ಒಂದು ಸ್ಪ್ರಿಂಗ್ ಮುರಿದಿತ್ತು, ತೋಟಾವನ್ನು ಚುಚ್ಚುವ ಪಿನ್ನು ಸವೆದಿತ್ತು. ಇವೆರಡನ್ನು ಬದಲಿಸಿದೆ. ಹಳೆಯವನ್ನು ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಇಟ್ಟೆ.

ಹೊರಗಿನ ಕೆಂಪು ತುಕ್ಕನ್ನು ಮಾತ್ರ ಹಾಗೇ ಬಿಡುವಂತಿಲ್ಲ, ಅದು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅದಕ್ಕೆ ಒಂದು ಹಳೆಯ ಸರಳ ವಿಧಾನವಿದೆ: ಜಿಡ್ಡು ತೆಗೆದ ಭಾಗಗಳನ್ನು ಶುದ್ಧ ನೀರಿನಲ್ಲಿ ಕುದಿಸುವುದು. ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ತಿರುಗುತ್ತದೆ. ಮೇಲಿನ ಸಡಿಲ ಪುಡಿಯನ್ನು ಮೃದುವಾಗಿ ಉಜ್ಜಿ ತೆಗೆದು, ಎಣ್ಣೆ ಹಚ್ಚಿದರೆ ಅಲ್ಲಿಗೆ ಮುಗಿಯಿತು. ಲೋಹ ಸವೆಯುವುದಿಲ್ಲ, ಅಂಚು ದುಂಡಗಾಗುವುದಿಲ್ಲ, ಅಕ್ಷರ ಅಳಿಯುವುದಿಲ್ಲ. ಉಳಿಯುವ ಬಣ್ಣ ಕಂದುಗಪ್ಪು, ಹಳೆಯ ಬಾವಿಗಡಗಡೆಯ ಬಣ್ಣ. ಮರಕ್ಕೆ ಒದ್ದೆ ಬಟ್ಟೆ, ಆಮೇಲೆ ಒಂದಿಷ್ಟು ಅಗಸೆ ಎಣ್ಣೆ. ಮರಳು ಕಾಗದ ನನ್ನ ಮನೆಯಲ್ಲೇ ಇಲ್ಲ.

ಇದನ್ನು ಹೇಳಿದರೆ ‘ಅಷ್ಟು ದುಡ್ಡು ಕೊಟ್ಟು ಕೊಂಡು, ಹೀಗೆ ಕೊಳಕಾಗಿ ಇಟ್ಟುಕೊಳ್ಳುವುದಾ?’ ಎನ್ನುತ್ತಾರೆ. ನಮ್ಮ ಕಡೆ ಜೀರ್ಣೋದ್ಧಾರ ಎಂಬ ಮಾತಿದೆ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು. ಒಳ್ಳೆಯ ಮಾತು. ಆದರೆ ಆ ಹೆಸರಿನಲ್ಲಿ ಹಳೆಯ ಗುಡಿಯ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಜಾರುವ ಟೈಲ್ಸ್ ಹಾಕಿಸಿ, ಕೊನೆಗೆ ದಾನಿಗಳ ಹೆಸರಿನ ಕಲ್ಲು ನೆಡುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿನ ಕೋವಿಯ ಅಂಗಡಿಗಳಲ್ಲಿ ನಡೆಯುವುದೂ ಅದೇ. ಮೂಲದಲ್ಲಿ ಇಲ್ಲದ ಹೂಬಳ್ಳಿಯ ಕೆತ್ತನೆ ಹಾಕಿಸಿಕೊಡುವವರೂ ಇದ್ದಾರೆ. ಮೂಗಿಗಿಂತ ಮೂಗುತಿ ಭಾರ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಕೊಡುತ್ತೇನೆ. ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ 2014ರ ನವೆಂಬರಿನಲ್ಲಿ ಪುರಾತತ್ವ ಸಿಬ್ಬಂದಿಗೆ ಒಂದು ಜೂನಿಪರ್ ಮರಕ್ಕೆ ಒರಗಿ ನಿಂತಿದ್ದ ಕೋವಿ ಕಂಡಿತು. ವಿಂಚೆಸ್ಟರ್ 1873. ವ್ಯೋಮಿಂಗ್‌ನ ಕೋಡಿ ಊರಿನ ಕೋವಿ ಮ್ಯೂಸಿಯಂನಲ್ಲಿರುವ ಕಾರ್ಖಾನೆಯ ದಾಖಲೆಗಳ ಪ್ರಕಾರ ಅದು 1882ರದ್ದು. ಯಾರೋ ಒರಗಿಸಿಟ್ಟು ಹೋದವರು ತಿರುಗಿ ಬರಲೇ ಇಲ್ಲ. ಎಷ್ಟು ಕಾಲ ಹಾಗೆ ನಿಂತಿತ್ತೋ, ಮರದ ಹಿಡಿ ಬಿಸಿಲು-ಹಿಮಕ್ಕೆ ಬೂದುಬಣ್ಣಕ್ಕೆ ತಿರುಗಿ ಸೀಳಿತ್ತು, ಬುಡ ಮಣ್ಣಿನಲ್ಲಿ ಹೂತಿತ್ತು. ಆ ಮ್ಯೂಸಿಯಂನವರು ಅದಕ್ಕೆ ಏನು ಮಾಡಿದರು? ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿ ಒಳಗೆ ತೋಟಾ ಇದೆಯೇ ಎಂದು ನೋಡಿದರು. ಹಿಡಿಯ ಒಳಗೆ, ಕೋವಿ ತೊಳೆಯುವ ಸಲಾಕೆ ಇಡುವ ಗೂಡಿನಲ್ಲಿ, ಒಂದೇ ಒಂದು ತೋಟಾ ಸಿಕ್ಕಿತು. ಉದುರುತ್ತಿದ್ದ ಮರ ಇನ್ನಷ್ಟು ಉದುರದಂತೆ ಗಟ್ಟಿ ಮಾಡಿದರು. ಅಷ್ಟೇ. ಬಣ್ಣ ಹಾಕಲಿಲ್ಲ, ಬಿರುಕು ತುಂಬಲಿಲ್ಲ. ಅದರ ಒಡೆಯ ಯಾರು, ಯಾಕೆ ಬಿಟ್ಟುಹೋದ ಎಂಬುದು ಯಾರಿಗೂ ತಿಳಿಯಲಿಲ್ಲ. ಆದರೆ ಆ ಪ್ರಶ್ನೆ ಉಳಿದಿದೆ. ಹೊಳಪು ಕೊಟ್ಟಿದ್ದರೆ ಪ್ರಶ್ನೆಯೂ ಉಳಿಯುತ್ತಿರಲಿಲ್ಲ. ಏಳು ಲಕ್ಷಕ್ಕೂ ಹೆಚ್ಚು ತಯಾರಾದ ಮಾದರಿಯ ಇನ್ನೊಂದು ಕೋವಿ, ಅಷ್ಟೇ ಆಗಿರುತ್ತಿತ್ತು.

ಕೋವಿಯ ಮೇಲಿನ ಗುರುತುಗಳು ಎಷ್ಟು ಮಾತಾಡಬಲ್ಲವು ಎಂಬುದಕ್ಕೆ ಇನ್ನೊಂದು ಜಾಗವಿದೆ. 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರ್ ಮತ್ತು ಅವನ ಜೊತೆಗಿದ್ದ ಕುದುರೆದಂಡಿನ ತುಕಡಿಗಳನ್ನು ಲಕೋಟಾ ಮತ್ತು ಶಯೆನ್ ಯೋಧರು ಪೂರ್ತಿ ಸೋಲಿಸಿ ಕೊಂದರು. 1983ರಲ್ಲಿ ಅಲ್ಲಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ಬಯಲಾಯಿತು. ಮರುವರ್ಷದಿಂದ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಇಡೀ ಗುಡ್ಡವನ್ನು ಹುಡುಕಿ, ಸಿಕ್ಕ ಪ್ರತಿ ತೋಟಾದ ಕವಚದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. ಪೊಲೀಸರು ಕೊಲೆ ತನಿಖೆಯಲ್ಲಿ ಮಾಡುವ ಹಾಗೆ, ಕವಚದ ಹಿಂಬದಿಯಲ್ಲಿ ಪಿನ್ನು ಚುಚ್ಚಿದ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಒಂದು ಕೋವಿ ಇಲ್ಲಿ ಹಾರಿತು, ಅದೇ ಕೋವಿ ಆಮೇಲೆ ಅಲ್ಲಿ ಹಾರಿತು ಎಂದು ಓಡಾಟವನ್ನೇ ಪತ್ತೆಹಚ್ಚಿದರು. ದಂಡಿನವರ ಕೈಯಲ್ಲಿದ್ದದ್ದು ಒಂದು ಸಲಕ್ಕೆ ಒಂದೇ ಗುಂಡಿನ ಸ್ಪ್ರಿಂಗ್‌ಫೀಲ್ಡ್. ಎದುರಾಳಿಗಳಲ್ಲಿ ಬಿಲ್ಲು-ಬಾಣ, ಬಾಯಿಂದ ಮದ್ದು ತುಂಬುವ ಕೋವಿಗಳ ಜೊತೆಗೆ ಹೆನ್ರಿ ಮತ್ತು ವಿಂಚೆಸ್ಟರ್‌ಗಳೂ ಬಹಳ ಇದ್ದವು ಎಂಬುದು ಆ ಕವಚಗಳಿಂದ ಖಚಿತವಾಯಿತು. ಸೂಜಿಮೊನೆಯಷ್ಟು ಗುರುತು ನೂರು ವರ್ಷದ ವಾದಕ್ಕೆ ಸಾಕ್ಷಿ ಹೇಳಿತು.

ಈಗ ವಿಂಚೆಸ್ಟರ್ ಕಂಪನಿಯ ಪ್ರಸಿದ್ಧ ಘೋಷಣೆಯನ್ನು ನೆನಪಿಸಿಕೊಳ್ಳಿ: ‘ಪಶ್ಚಿಮವನ್ನು ಗೆದ್ದ ಕೋವಿ’. ಇದು ಇಪ್ಪತ್ತನೆಯ ಶತಮಾನದ ಜಾಹೀರಾತು. ಯಾರಿಂದ ಗೆದ್ದದ್ದು? ಆ ನೆಲದ ಮೂಲ ಜನರಿಂದ. ಯಾರು ಗೆದ್ದದ್ದು? ಸೈನ್ಯ. ಆ ಸೈನ್ಯದ ಕೈಯಲ್ಲಿ ಈ ಕೋವಿ ಇರಲಿಲ್ಲ. ಕಾಡೆಮ್ಮೆಗಳನ್ನು ನಿರ್ನಾಮ ಮಾಡಿದ ಚರ್ಮದ ಬೇಟೆಗಾರರೂ ಹೆಚ್ಚಾಗಿ ಬಳಸಿದ್ದು ಶಾರ್ಪ್ಸ್, ರೆಮಿಂಗ್ಟನ್‌ನಂಥ ಒಂದೇ ಗುಂಡಿನ ದೊಡ್ಡ ಕೋವಿಗಳನ್ನು. ವಿಂಚೆಸ್ಟರ್ ಇದ್ದದ್ದು ಹೊಲಮನೆಯ ಬಾಗಿಲ ಹಿಂದೆ, ಜೀನಿನ ಪಕ್ಕದ ಚರ್ಮದ ಚೀಲದಲ್ಲಿ, ಕೋಚುಗಾಡಿಯವನ ಕಾಲ ಬಳಿ. ಮತ್ತು ಮೂಲ ಜನರ ಕೈಯಲ್ಲೂ. ಅವರು ಮರದ ಹಿಡಿಗೆ ಹಿತ್ತಾಳೆಯ ಮೊಳೆಗಳನ್ನು ಸಾಲಾಗಿ ಬಡಿದು ಅಲಂಕರಿಸುತ್ತಿದ್ದರು, ಮುರಿದ ಹಿಡಿಗೆ ಹಸಿ ಚರ್ಮ ಸುತ್ತಿ ಒಣಗಿಸಿ ಬಿಗಿ ಮಾಡುತ್ತಿದ್ದರು. ಅಂಥ ಒಂದು ಕೋವಿ ‘ರೆಸ್ಟೋರೇಶನ್’ ಅಂಗಡಿಗೆ ಹೋದರೆ ಮೊದಲು ಹೋಗುವುದೇ ಆ ಚರ್ಮ, ಆ ಮೊಳೆ. ತೂತು ತುಂಬಿ ಬಣ್ಣ ಹಾಕಿದರೆ ಉಳಿಯುವುದು 1950ರ ಸಿನಿಮಾದಲ್ಲಿ ಜೇಮ್ಸ್ ಸ್ಟೂವರ್ಟ್ ಹಿಡಿದಂಥ ಕೋವಿ. ಅಂದರೆ ಘೋಷಣೆಗೆ ಒಪ್ಪುವ ಕೋವಿ. ಹೊಳಪು ಅಂದದ ವಿಷಯ ಮಾತ್ರವಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕೋವಿಯನ್ನು ಉಜ್ಜಿದವನು ಅದರ ಕಥೆಯನ್ನೂ ಉಜ್ಜುತ್ತಾನೆ, ಮತ್ತು ಉಜ್ಜಿದ ಮೇಲೆ ಉಳಿಯುವುದು ಯಾವಾಗಲೂ ಗೆದ್ದವರ ಕಥೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮೊಳೆ ಬಡಿದ ಕೋವಿಗೆ ಬೆಲೆ ಜಾಸ್ತಿ ಎಂದು ತಿಳಿದ ಕೂಡಲೇ ಹೊಸ ಮೊಳೆ ಬಡಿದು ಮಾರುವವರು ಹುಟ್ಟಿಕೊಂಡರು. ಆಮ್ಲ ಸುರಿದು ಹಳೆಯ ತುಕ್ಕು ತರಿಸುವವರಿದ್ದಾರೆ. ಹೊಸ ಹೊಳಪು, ಕಳ್ಳ ತುಕ್ಕು, ಎರಡೂ ಒಂದೇ ಜಾತಿ. ಎರಡೂ ವಸ್ತುವಿನ ವಯಸ್ಸಿನ ಬಗ್ಗೆ ಸುಳ್ಳು ಹೇಳುತ್ತವೆ.

ಹೊಳೆಯುವ 1873 ಬೇಕೇ ಬೇಕು ಎನ್ನುವವರಿಗೆ ದಾರಿ ಇಲ್ಲವೆಂದಲ್ಲ. ಇಟಲಿಯ ಉಬೆರ್ಟಿ ಕಂಪನಿ ಇಂದಿಗೂ ಅದೇ ಮಾದರಿಯ ಹೊಸ ಕೋವಿಗಳನ್ನು ತಯಾರಿಸುತ್ತದೆ. ಒಳ್ಳೆಯ ಉಕ್ಕು, ಒಳ್ಳೆಯ ಬಣ್ಣ, ಹಳೆಯದರ ಎಲ್ಲ ಸೊಗಸು. ಕೌಬಾಯ್ ವೇಷ ಹಾಕಿ ಪಂದ್ಯ ಆಡುವವರು ಅದನ್ನೇ ಬಳಸುತ್ತಾರೆ. ಅದನ್ನು ಕೊಂಡವರ ಬಗ್ಗೆ ನನಗೆ ಗೌರವವಿದೆ. ಹೊಸದು ಬೇಕಿತ್ತು, ಹೊಸದನ್ನೇ ಕೊಂಡರು. ಹಳೆಯದನ್ನು ಕೊಂಡು ಅದನ್ನು ಹೊಸದರ ನಕಲು ಮಾಡುವವರ ಲೆಕ್ಕ ಮಾತ್ರ ನನಗೆ ಅರ್ಥವಾಗುವುದಿಲ್ಲ.

‘ನನ್ನ ದುಡ್ಡು, ನನ್ನ ಕೋವಿ’ ಎನ್ನುತ್ತಾರೆ. ಹೌದು, ಹಕ್ಕು ಇದೆ. ಹಕ್ಕಿರುವುದೆಲ್ಲ ಒಳ್ಳೆಯ ಕೆಲಸವಲ್ಲ. ‘ಆ ಕಾಲದವರೂ ರಿಪೇರಿ ಮಾಡಿಸುತ್ತಿದ್ದರಲ್ಲ?’ ಎನ್ನುತ್ತಾರೆ. ಇದು ಒಳ್ಳೆಯ ಪ್ರಶ್ನೆ. ಮಾಡಿಸುತ್ತಿದ್ದರು. ಬಡಗಿ ಹಾಕಿದ ತಂತಿಕಟ್ಟು, ಕಮ್ಮಾರ ಬಡಿದ ಸ್ಕ್ರೂ, ಹಸಿ ಚರ್ಮದ ಪಟ್ಟಿ, ಎಲ್ಲವೂ ಬಳಕೆಗಾಗಿ ಮಾಡಿದ ರಿಪೇರಿ. ನಾನು ಸ್ಪ್ರಿಂಗ್ ಬದಲಿಸಿದ್ದೂ ಅದೇ ಸಾಲಿನದ್ದು. ನಳಿಗೆಯ ಒಳಗಿನ ಸುರುಳಿ ಗೆರೆಗಳು ಪೂರ್ತಿ ಹಾಳಾಗಿದ್ದರೆ ಒಳಗೆ ಹೊಸ ಕೊಳವೆ ಕೂರಿಸುವವರಿದ್ದಾರೆ. ಗುಂಡು ಗುರಿಯನ್ನೇ ಹಿಡಿಯದಿದ್ದಾಗ, ಬರೆದಿಟ್ಟು ಮಾಡಿದರೆ, ಅದನ್ನೂ ಒಪ್ಪುತ್ತೇನೆ. ಆ ರಿಪೇರಿಗಳು ‘ಇದು ಮುರಿದಿತ್ತು’ ಎಂದು ಒಪ್ಪಿಕೊಳ್ಳುತ್ತವೆ. ಹೊಳಪು ‘ಇದಕ್ಕೆ ಏನೂ ಆಗಿಲ್ಲ’ ಎನ್ನುತ್ತದೆ. ವ್ಯತ್ಯಾಸ ಅಷ್ಟೇ.

ಇನ್ನು ಇನ್ನೊಂದು ತುದಿಯವರು. ‘ಮುಟ್ಟಲೇಬೇಡಿ, ಗಾಜಿನ ಪೆಟ್ಟಿಗೆಯಲ್ಲಿಡಿ, ಈಡು ಹೊಡೆಯುವುದೇ ಪಾಪ’ ಎನ್ನುವ ಸಂಗ್ರಾಹಕರು. ಮರಕ್ಕೆ ಒರಗಿದ್ದ ಆ ನೆವಾಡಾದ ಕೋವಿಯ ಮಟ್ಟಿಗೆ ಅವರ ಮಾತು ಸರಿ. ಬಿರುಕಿದ್ದ, ತುಕ್ಕು ಆಳಕ್ಕಿಳಿದ ಕೋವಿಯಿಂದ ಹೊಡೆಯಲು ಹೋಗುವುದು ಮೂರ್ಖತನ. ತಿಳಿದ ಕೋವಿ ರಿಪೇರಿಯವರು ಪರೀಕ್ಷಿಸಿ ‘ಆಗಬಹುದು’ ಎನ್ನದೆ ನಾನೂ ಹೊಡೆಯಲಿಲ್ಲ. ಆದರೆ ಗಟ್ಟಿಯಾಗಿರುವ ಕೋವಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ಆಕಾರ ಮಾತ್ರ ಆಗಿ ಉಳಿಯುತ್ತದೆ. ಅದರ ಮಾತು ಕೇಳಬೇಕಾದರೆ ಅದು ಯಾವ ಮದ್ದಿಗಾಗಿ ಹುಟ್ಟಿತೋ ಅದನ್ನೇ ಹಾಕಬೇಕು.

ಅದೇ ಎಂದರೆ ಅದೇ. ಈ ಕೋವಿಯ .44-40 ತೋಟಾ ಎಂದರೆ .44 ಅಳತೆಯ ಗುಂಡು, 40 ಗ್ರೇನ್ ಅಂದರೆ ಸುಮಾರು ಎರಡೂವರೆ ಗ್ರಾಂ ಕರಿಮದ್ದು. ಗುಂಡು 200 ಗ್ರೇನ್, ಸುಮಾರು 13 ಗ್ರಾಂ. ಆ ಮೊಣಕಾಲಿನ ಬೀಗ ಇಷ್ಟಕ್ಕೇ ಕಟ್ಟಿದ್ದು. ಹೊಗೆಯಿಲ್ಲದ ಆಧುನಿಕ ಮದ್ದಿನ ಬಿರುಸಿನ ತೋಟಾ ಹಾಕುವವರು ತಮ್ಮ ಕಣ್ಣು, ಪಕ್ಕದವರ ಕಣ್ಣು, ಕೋವಿ ಮೂರನ್ನೂ ಪಣಕ್ಕಿಡುತ್ತಾರೆ. ನಾನು ಮೊದಲು ಮೃದು ಸೀಸದ ಉಂಡೆಯೊಂದನ್ನು ನಳಿಗೆಯಲ್ಲಿ ತಳ್ಳಿ, ಹೊರಬಂದದ್ದನ್ನು ಮೈಕ್ರೋಮೀಟರಿನಿಂದ ಅಳೆದೆ. ಹಳೆಯ ನಳಿಗೆಗಳ ಒಳ ಅಳತೆ ಒಂದಕ್ಕೊಂದು ಹೊಂದುವುದಿಲ್ಲ. ಕಾಗದದ ಮೇಲಿನ ಅಳತೆ ನಂಬಿದರೆ ಗುಂಡು ಅಡ್ಡಾದಿಡ್ಡಿ ಹೋಗುತ್ತದೆ. ಅಳತೆಗೆ ತಕ್ಕ ಗುಂಡನ್ನು ಸೀಸಕ್ಕೆ ಚೂರು ತವರ ಬೆರೆಸಿ ಎರಕ ಹೊಯ್ದೆ. ಜೇನುಮೇಣ ಮತ್ತು ಕೊಬ್ಬಿನ ಜಿಡ್ಡು ಸವರಿದೆ. ಮದ್ದಿಗೂ ಗುಂಡಿಗೂ ನಡುವೆ ಗಾಳಿಗೆ ಜಾಗ ಬಿಡಬಾರದು, ತೋಟಾ ಪೂರ್ತಿ ತುಂಬಿರಬೇಕು.

ಮೊದಲ ಈಡಿಗೆ ಭುಜಕ್ಕೆ ಒದೆತ ಬೀಳಲಿಲ್ಲ, ಯಾರೋ ಅಂಗೈಯಿಂದ ನಿಧಾನಕ್ಕೆ ತಳ್ಳಿದ ಹಾಗಾಯಿತು. ಶಬ್ದ ಸೀಳುವಂಥದ್ದಲ್ಲ, ದಪ್ಪನೆಯದು. ಆಮೇಲೆ ಹೊಗೆ. ಎದುರಿನ ಗುರಿಹಲಗೆ ಕಾಣೆಯಾಯಿತು. ಪಕ್ಕದವರು ಕೆಮ್ಮಿದರು, ಒಬ್ಬರು ಜಾಗವನ್ನೇ ಬದಲಿಸಿದರು. ಹೊಗೆ ಕರಗುವವರೆಗೆ ಬಿದ್ದಿತೋ ಇಲ್ಲವೋ ಎಂದು ತಿಳಿಯದೆ ಕಾಯಬೇಕು. ಸಿನಿಮಾದಲ್ಲಿ ಪಟಪಟನೆ ಹದಿನೈದು ಈಡು ಹೊಡೆಯುವವನ ಮುಂದೆ ಹೊಗೆಯೇ ಇರುವುದಿಲ್ಲ. ನಿಜವಾಗಿ ಮೂರನೆಯ ಈಡಿನ ಹೊತ್ತಿಗೆ ಅವನು ಕುರುಡನಾಗಿರುತ್ತಾನೆ. ಈ ಒಂದು ಸಂಗತಿ ನೂರು ಪುಸ್ತಕ ಓದಿದರೂ ನನಗೆ ಹೊಳೆಯುತ್ತಿರಲಿಲ್ಲ. ಗುಡ್ಡದ ಮೇಲೆ ನೂರಾರು ಕೋವಿಗಳು ಹಾರಿದ ಆ ಜೂನ್ ಮಧ್ಯಾಹ್ನ ಯಾರಿಗೆ ಯಾರು ಕಂಡಿರಬಹುದು ಎಂದು ಯೋಚಿಸಿದ್ದು ಆಗ.

ಮನೆಗೆ ಬಂದ ಮೇಲೆ ತೊಳೆಯುವ ಕೆಲಸ. ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಹೊಗೆಯಾಗಿ, ಮಸಿಯಾಗಿ ಘನರೂಪದಲ್ಲೇ ಉಳಿಯುತ್ತದೆ. ಆ ಮಸಿಯ ಲವಣಗಳು ಗಾಳಿಯ ತೇವ ಹೀರುತ್ತವೆ. ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ತುಕ್ಕು. ದುಬಾರಿ ದ್ರಾವಣ ಬೇಕಿಲ್ಲ, ನೀರು ಸಾಕು. ಅಜ್ಜ ಹಂಡೆಯಿಂದ ಮಾಡಿದ್ದನ್ನು ನಾನು ಕೆಟಲಿನಿಂದ ಮಾಡುತ್ತೇನೆ. ಹೊಡೆದವನು ಅದೇ ದಿನ ತೊಳೆಯಬೇಕು. ಸೋಮಾರಿಯ ಕೋವಿ ಹತ್ತು ವರ್ಷದಲ್ಲಿ ಹಾಳಾಗುತ್ತದೆ. ಇವತ್ತಿಗೂ ಒಳ್ಳೆಯ ನಳಿಗೆಯಿರುವ ಒಂದು 1873 ಕೈಗೆ ಸಿಕ್ಕಿತೆಂದರೆ, ಯಾರೋ ದಣಿದು ಬಂದ ಸಂಜೆಗಳಲ್ಲೂ ನೀರು ಕಾಯಿಸಿದ್ದಾರೆ ಎಂದು ಅರ್ಥ. ಹೊರಗಿನ ಬಣ್ಣ ಸವೆದದ್ದೂ ಅವರ ಅಂಗೈಯಿಂದಲೇ. ಅದನ್ನು ‘ಕೊಳಕು’ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಬೆಂಗಳೂರಿನ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ: ‘ಶಾಲೆಗೆ ನುಗ್ಗಿ ಮಕ್ಕಳನ್ನು ಕೊಲ್ಲುವ ದೇಶದಲ್ಲಿ ಕೂತು ಕೋವಿಯ ಮೇಲೆ ಪ್ರೀತಿಯ ಪ್ರಬಂಧ ಬರೆಯುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?’ ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ನನ್ನ ಮಗಳ ಶಾಲೆಯಲ್ಲೂ ಬಾಗಿಲು ಹಾಕಿ ಮೇಜಿನ ಕೆಳಗೆ ಅಡಗುವ ಅಭ್ಯಾಸ ಮಾಡಿಸುತ್ತಾರೆ. ಅವಳು ಬಂದು ಅದನ್ನು ಆಟದ ಹಾಗೆ ಹೇಳಿದ ದಿನ ನಾನು ಕಪಾಟಿನ ಬೀಗವನ್ನು ಎರಡು ಸಲ ನೋಡಿದೆ. ಕೋವಿಯನ್ನು ಆಟಿಕೆಯಂತೆ, ಆಭರಣದಂತೆ, ಗಂಡಸುತನದ ಗುರುತಿನಂತೆ ನೋಡುವುದು ಈ ದೇಶದ ಕಾಯಿಲೆ ಎಂದು ನಾನೂ ಒಪ್ಪುತ್ತೇನೆ. ಅದಕ್ಕೇ ಹೊಳಪಿನ ಮೇಲೆ ನನಗೆ ಇಷ್ಟು ಸಿಟ್ಟು. ಹೊಳೆಯುವ ಕೋವಿ ಯಾರನ್ನೂ ಕೊಂದಿಲ್ಲ, ಯಾರ ಮನೆಯಿಂದಲೂ ಬಂದಿಲ್ಲ. ಬರೀ ಆಸೆ ಹುಟ್ಟಿಸುತ್ತದೆ. ಗುರುತುಗಳಿರುವ ಕೋವಿ ಹಾಗಲ್ಲ. ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಇದನ್ನು ಮೊದಲು ಹಿಡಿದವರು ಯಾರು, ಎದುರಿಗಿದ್ದವರು ಯಾರು ಎಂದು ಕೇಳಿಕೊಳ್ಳಬೇಕಾಗುತ್ತದೆ. ಆ ಪ್ರಶ್ನೆ ಕೇಳಿಕೊಳ್ಳಲು ಬಯಸದವರು ಕೋವಿ ಇಟ್ಟುಕೊಳ್ಳದಿರುವುದೇ ಲೇಸು. ಗೆಳೆಯನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಗಬೇಕೆಂದೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಹಳೆಯ ಕೋವಿ ಕೈಗೆ ಬಂದರೆ ಮೊದಲು ಅದರಲ್ಲಿ ತೋಟಾ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಯಾರಿಂದ ಬಂತು, ಅವರ ಮನೆಯಲ್ಲಿ ಎಷ್ಟು ಕಾಲ ಇತ್ತು, ಆ ಗೀರು ಯಾವುದು, ಈ ಬಿರುಕು ಯಾವಾಗ ಬಂತು ಎಂದು ಕೇಳಿ ಬರೆದಿಡಿ. ನಾನು ಕೇಳಲಿಲ್ಲ, ಅದಕ್ಕೇ ಮೂರು ಅಕ್ಷರ ಹೋದವು. ಕೆಂಪು ತುಕ್ಕನ್ನು ನಿಲ್ಲಿಸಿ. ಮುರಿದದ್ದನ್ನು ಬದಲಿಸಿ, ಹಳೆಯದನ್ನು ಎಸೆಯಬೇಡಿ. ಅನುಮಾನವಿದ್ದರೆ ಕೈ ಹಿಂದಕ್ಕೆ ತೆಗೆಯಿರಿ. ಇವತ್ತು ಬಿಟ್ಟದ್ದನ್ನು ನಾಳೆ ಮಾಡಬಹುದು, ಇವತ್ತು ಉಜ್ಜಿದ್ದನ್ನು ನಾಳೆ ತರಲಾಗದು.

ನನ್ನ 1873ರ ಹಿಡಿಯ ಬುಡದಲ್ಲೂ ಸಲಾಕೆ ಇಡುವ ಗೂಡು ಇದೆ. ಅದರಲ್ಲಿ ಒಂದು ಕಾಗದ ಸುತ್ತಿ ಇಟ್ಟಿದ್ದೇನೆ. ಕೊಂಡ ತಾರೀಕು, ಮಾರಿದ ಮನೆಯವರು ಹೇಳಿದ ನಾಲ್ಕು ಸಾಲು, ಬದಲಿಸಿದ ಸ್ಪ್ರಿಂಗು ಮತ್ತು ಪಿನ್ನು, ನಳಿಗೆಯ ಅಳತೆ. ಕೆಳಗೆ 1892ರ ಕೋವಿಯ ಬಗ್ಗೆಯೂ ಬರೆದಿದ್ದೇನೆ: ಎಡಗಡೆ ಒಬ್ಬ ಹುಡುಗನ ಹೆಸರಿನ ಮೂರು ಅಕ್ಷರಗಳಿದ್ದವು, ನಾನು ಅಳಿಸಿದೆ.